ಹೈದರ್ ಅಲಿಯವರ ನಂತರ ಯಾರು? – ಒಂದು ಅಮಾನತ್ತಿನ ಇತಿಹಾಸ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಾವೆಲ್ಲ 2007ರವರೆಗೆ ಕೋಲಾರ ಜಿಲ್ಲೆಯವರೇ. ಕೋಲಾರದ ಮಖ್ಬರಾ ನೋಡಿ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಹೈದರ್ ಅಲಿಯವರ ತಂದೆ ಫತೇಹ್ ಮುಹಮ್ಮದ್ ಅವರ ಸಮಾಧಿ ಅಲ್ಲಿದೆ. ಆದರೆ ಹೈದರ್ ಅಲಿಯವರ ಮಯ್ಯತ್ ಕೂಡ ಮೊದಲು ಬಂದದ್ದು ಅಲ್ಲಿಗೇ, ಅದೂ ಯಾರಿಗೂ ತಿಳಿಯದಂತೆ ಎಂಬುದನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ.

1782ರ ಡಿಸೆಂಬರ್ 7. ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿತ್ತು. ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ಅಲಿಯವರ ಇಂತಿಕಾಲ್ ಆಯಿತು. ಹಿರಿಯ ಮಗ ಟಿಪ್ಪು ದೂರದ ಮಲಬಾರಿನಲ್ಲಿ, ಪೊನ್ನಾನಿಯ ಕಡೆ ಕಾದಾಡುತ್ತಿದ್ದರು. ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುವ ಭಯವಿತ್ತು. ಅತ್ತ ಮದ್ರಾಸಿನಲ್ಲಿ ಇಂಗ್ಲಿಷರು ಇಂಥ ಗಳಿಗೆಗೇ ಕಾದಿದ್ದರು.

ಆಗ ಮಂತ್ರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾವ್ ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಮಯ್ಯತ್ತನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಾವಲಿನೊಂದಿಗೆ ಕೋಲಾರಕ್ಕೆ ಕಳಿಸಿದರು. ಪಾಳೆಯದಲ್ಲಿ ದಿನದ ಕೆಲಸಗಳು ಎಂದಿನಂತೆ ನಡೆದವು. ಸೈನ್ಯ ಹೊರಟಾಗ ನವಾಬರ ಮುಚ್ಚಿದ ಪಲ್ಲಕ್ಕಿಯೂ ಪರಿವಾರದೊಡನೆ ಹೊರಟಿತು. ಟಿಪ್ಪುವಿಗೆ ಗುಟ್ಟಾಗಿ ಓಲೆ ಹೋಯಿತು.

ಎಲ್ಲರೂ ನಿಯತ್ತಿನಿಂದ ಇರಲಿಲ್ಲ. ಹೈದರ್ ಅಲಿಯವರ ಸಂಬಂಧಿ ಮುಹಮ್ಮದ್ ಅಮೀನ್ ಎಂಬಾತ ಕಿರಿಯ ಮಗ ಅಬ್ದುಲ್ ಕರೀಮರನ್ನು ಪಟ್ಟಕ್ಕೆ ತರಲು ಸಂಚು ಹೂಡಿದ. ಸಂಚು ಬಯಲಾಗಿ ಆತ ಸೆರೆಯಾದ. ಕೆಲವೇ ವಾರಗಳಲ್ಲಿ ಟಿಪ್ಪು ಪಾಳೆಯ ಸೇರಿದರು. ರಾಜ್ಯ ಒಡೆಯದೆ ಅವರ ಕೈಗೆ ಬಂತು. ಮುಂದೆ ಹೈದರ್ ಅಲಿಯವರನ್ನು ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ದಫನ್ ಮಾಡಲಾಯಿತು.

ಇದನ್ನು ಯುರೋಪಿನ ಒಂದು ಘಟನೆಯೊಡನೆ ಹೋಲಿಸಿ ನೋಡೋಣ. ಫ್ರಾನ್ಸಿನ ನಾರ್ಮಂಡಿ ಸೀಮೆಯನ್ನು ಆಳುತ್ತಿದ್ದ ಡ್ಯೂಕ್ ರಾಬರ್ಟ್ 1035ರಲ್ಲಿ ಜೆರುಸಲೇಮ್ ಯಾತ್ರೆಯಿಂದ ಮರಳುವಾಗ ತೀರಿಕೊಂಡ. ಹೊರಡುವ ಮುನ್ನ ಎಳೆಯ ಮಗ ವಿಲಿಯಮನೇ ವಾರಸುದಾರನೆಂದು ಸರದಾರರಿಂದ ಪ್ರಮಾಣ ಮಾಡಿಸಿದ್ದ. ಆದರೂ ಹುಡುಗನ ರಕ್ಷಣೆಗೆ ನಿಂತವರಲ್ಲಿ ಹಲವರು ಕೊಲೆಯಾದರು; ವರ್ಷಗಟ್ಟಲೆ ನಾಡು ಹೊತ್ತಿ ಉರಿಯಿತು. ಅಲ್ಲಿ ಪ್ರಮಾಣವಿತ್ತು, ಅದನ್ನು ಉಳಿಸಿಕೊಳ್ಳುವವರು ಸಾಲದಾದರು. ಇಲ್ಲಿ ವಾರಸುದಾರ ನೂರಾರು ಮೈಲಿ ದೂರವಿದ್ದರೂ ಅಮಾನತ್ ಕಾಯುವವರಿದ್ದರು.

ಕಾದವರಲ್ಲಿ ಮುಂದಾಳುಗಳು ಬ್ರಾಹ್ಮಣ ಮಂತ್ರಿಗಳು. ಸಂಚು ಹೂಡಿದವನು ಸ್ವಂತ ಬಂಧು. ಇತಿಹಾಸವನ್ನು ಧರ್ಮಗಳ ಜಗಳವೆಂದಷ್ಟೇ ಹೇಳುವವರಿಗೆ ನಾವು ಈ ಘಟನೆಯನ್ನು ನೆನಪಿಸಬೇಕು. 1799ರ ಮೇ 4ರಂದು ಟಿಪ್ಪು ಶಹೀದರಾದರು. ಅವರ ಮಕ್ಕಳಿಗೆ ಪಟ್ಟ ಸಿಗಲಿಲ್ಲ. ಅವರನ್ನು ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಲಾಯಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರೇ ದಿವಾನರಾದರು. ಅದರ ಬಗ್ಗೆ ಅಭಿಪ್ರಾಯಗಳು ಏನೇ ಇರಲಿ, 1782ರ ಆ ದಿನಗಳಲ್ಲಿ ಅವರು ನಡೆದುಕೊಂಡ ರೀತಿಯನ್ನು ಮರೆಯುವುದು ನ್ಯಾಯವಲ್ಲ.

ಆಸ್ತಿಯಲ್ಲಿ ವಾರಸುದಾರರ ಪಾಲು ಎಷ್ಟೆಂದು ಶರೀಅತ್ ಗೊತ್ತುಮಾಡಿದೆ. ಜವಾಬ್ದಾರಿ ಮಾತ್ರ ಪಾಲಲ್ಲ, ಅಮಾನತ್. ಮನೆಯ ಹಿರಿಯರು ಕಣ್ಮುಚ್ಚಿದಾಗ, ಮಸೀದಿ ಕಮಿಟಿಯ ಮುತವಲ್ಲಿ ಬದಲಾಗುವಾಗ, ಕಬ್ರಿನ ಮಣ್ಣು ಆರುವ ಮುನ್ನವೇ ಜಗಳಕ್ಕೆ ನಿಲ್ಲುವುದನ್ನು ನಾವು ಕಂಡಿದ್ದೇವೆ. ಮುಂದಿನ ಸಲ ಮಕ್ಕಳೊಂದಿಗೆ ಕೋಲಾರದ ಮಖ್ಬರಾಕ್ಕೆ ಹೋದಾಗ ಆ ಪೆಟ್ಟಿಗೆಯ ಕಥೆ ಹೇಳೋಣ. ಬರಬೇಕಾದವರು ಬರುವವರೆಗೆ ಕಾದವರ ಕಥೆ ಅದು.