ಚಳ್ಳಕೆರೆ–ಮೊಳಕಾಲ್ಮೂರು ಭಾಗದ ಕೆರೆ-ಜಲಾಶಯಗಳಲ್ಲಿ ಹೂಳು ಮತ್ತು ಮಾಲಿನ್ಯ: ಭೂಬಳಕೆಯ ಪಾತ್ರ ಹಾಗೂ ಹೊಲದಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಧ್ಯ ಒಣ ವಲಯಕ್ಕೆ ಸೇರಿದ್ದು, ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿವೆ. ಹಿರಿಯೂರಿನ ಕಡೆಯಿಂದ ಬರುವ ವೇದಾವತಿ ನದಿಯು ಚಳ್ಳಕೆರೆ ತಾಲ್ಲೂಕಿನ ಮೂಲಕ ಹರಿದು ಆಂಧ್ರಪ್ರದೇಶದ ಭೈರವಾನಿತಿಪ್ಪ ಜಲಾಶಯವನ್ನು ಸೇರುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ರಂಗಯ್ಯನದುರ್ಗ ಜಲಾಶಯವು ಚಿನ್ನಹಗರಿಯ ನೀರನ್ನು ಹಿಡಿದಿಡುತ್ತದೆ. ಇವುಗಳಲ್ಲಿ ಮತ್ತು ಹಳ್ಳಿಯ ಕೆರೆಗಳಲ್ಲಿ ತುಂಬುವ ಹೂಳು ಮೇಲ್ಭಾಗದ ಹೊಲ, ಗೋಮಾಳ ಮತ್ತು ಹಳ್ಳದ ದಂಡೆಗಳಿಂದಲೇ ಬಂದುದಾಗಿದೆ. ಆದ್ದರಿಂದ ಹೂಳಿನ ನಿಯಂತ್ರಣವು ಕೆರೆಯಂಗಳದಲ್ಲಲ್ಲ, ಹೊಲದಲ್ಲಿಯೇ ಆರಂಭವಾಗಬೇಕು.

ಹೂಳಿನಿಂದಾಗುವ ನಷ್ಟ

ನೆರೆಯ ತುಂಗಭದ್ರಾ ಜಲಾಶಯವು ಇದಕ್ಕೆ ಸ್ಪಷ್ಟ ನಿದರ್ಶನ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಅದರ ಸಂಗ್ರಹ ಸಾಮರ್ಥ್ಯವು 2016ರ ಸಮೀಕ್ಷೆಯ ವೇಳೆಗೆ ಸುಮಾರು 105.8 ಟಿಎಂಸಿ ಅಡಿಗೆ ಇಳಿದಿದೆ. ಹೂಳಿನಿಂದ ನಷ್ಟವಾದ ಈ 27 ಟಿಎಂಸಿ ಅಡಿಯು ಹಿರಿಯೂರಿನ ವಾಣಿವಿಲಾಸ ಸಾಗರದ ಒಟ್ಟು ಸಾಮರ್ಥ್ಯವಾದ ಸುಮಾರು 30 ಟಿಎಂಸಿ ಅಡಿಗೆ ಹತ್ತಿರದಲ್ಲಿದೆ.

ಸಣ್ಣ ಕೆರೆಗಳಲ್ಲಿ ನಷ್ಟವು ಇನ್ನೂ ಬೇಗ ಗೋಚರಿಸುತ್ತದೆ. ಹೂಳು ತುಂಬಿ ಆಳ ಕಡಿಮೆಯಾದಂತೆ ಅದೇ ಪ್ರಮಾಣದ ನೀರು ವಿಶಾಲವಾಗಿ ಹರಡಿ ಹೆಚ್ಚು ಆವಿಯಾಗುತ್ತದೆ. ತಳದಲ್ಲಿ ಜೇಡಿಯ ಪದರ ಕೂಡುವುದರಿಂದ ನೀರು ಇಂಗುವಿಕೆ ಕುಂಠಿತಗೊಂಡು ಸುತ್ತಲಿನ ಕೊಳವೆಬಾವಿಗಳ ಮರುಪೂರಣವೂ ತಗ್ಗುತ್ತದೆ.

ರೈತನ ನಷ್ಟವಾದರೋ ಇದಕ್ಕಿಂತ ಮೊದಲೇ ಆಗಿರುತ್ತದೆ. ಒಂದು ಎಕರೆಯಿಂದ ಕೇವಲ 1 ಮಿ.ಮೀ. ದಪ್ಪದ ಮೇಲ್ಮಣ್ಣು ಕೊಚ್ಚಿಹೋದರೆ ಸುಮಾರು 4 ಘನ ಮೀಟರ್, ಅಂದರೆ ಹೆಚ್ಚುಕಡಿಮೆ 6 ಟನ್ ಮಣ್ಣು ಹೋದಂತೆ. ಈ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಮೊದಲು ಕೊಚ್ಚಿಹೋಗುವುದು ನೀರು ಮತ್ತು ಪೋಷಕಾಂಶಗಳನ್ನು ಹಿಡಿದಿಡುವ ಜೇಡಿಕಣ ಹಾಗೂ ಸಾವಯವ ಪದಾರ್ಥ. ಹೊಲದಲ್ಲಿ ಉಳಿಯುವುದು ಮರಳು ಮತ್ತು ಗರಸು.

ಮಣ್ಣು ಕೊಚ್ಚಿಹೋಗಲು ಕಾರಣಗಳು

1. ಬರಿ ನೆಲದ ಮೇಲೆ ಬೀಳುವ ಮಳೆ: ಒಟ್ಟು ಮಳೆ ಕಡಿಮೆಯಾದರೂ ಅದು ಕೆಲವೇ ಬಿರುಸಿನ ಮಳೆಗಳಲ್ಲಿ ಸುರಿಯುತ್ತದೆ. ಮೇ-ಜೂನ್ ತಿಂಗಳ ಗುಡುಗು ಮಳೆ ಉಳುಮೆಯಾದ ಬರಿ ನೆಲದ ಮೇಲೆ ಬೀಳುತ್ತದೆ. ಶೇಂಗಾವನ್ನು ಬುಡಸಹಿತ ಕಿತ್ತು ಬಳ್ಳಿಯನ್ನು ಮೇವಿಗೆ ಸಾಗಿಸುವುದರಿಂದ ಕಟಾವಿನ ನಂತರದ ಹಿಂಗಾರು ಮಳೆಗೂ ಸಡಿಲಗೊಂಡ ನೆಲವೇ ಸಿಗುತ್ತದೆ.

2. ಇಳಿಜಾರಿನ ಗುಂಟ ಉಳುಮೆ: ಪ್ರತಿ ಸಾಲೂ ಒಂದು ಸಣ್ಣ ಕಾಲುವೆಯಾಗಿ ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಬದುಗಳನ್ನು ಒಡೆದು ಹೊಲ ವಿಸ್ತರಿಸಿದಲ್ಲಿ ನೀರಿನ ವೇಗ ಮತ್ತಷ್ಟು ಹೆಚ್ಚುತ್ತದೆ.

3. ಹುಲ್ಲುಗಾವಲಿನ ನಾಶ: ಕಾವಲು ಮತ್ತು ಗೋಮಾಳಗಳಲ್ಲಿ ಹುಲ್ಲಿನ ಹೊದಿಕೆ ಇರುವವರೆಗೆ ಮಣ್ಣು ಭದ್ರ. ಅತಿಯಾದ ಮೇಯಿಸುವಿಕೆ, ಮಣ್ಣು ತೆಗೆಯುವಿಕೆ ಮತ್ತು ಒತ್ತುವರಿಯಿಂದ ಹೊದಿಕೆ ಹೋದಲ್ಲಿ ಕೊರಕಲುಗಳು ಆರಂಭವಾಗುತ್ತವೆ.

4. ಹಳ್ಳದ ದಂಡೆಯವರೆಗೂ ಸಾಗುವಳಿ ಮತ್ತು ಮರಳು ತೆಗೆಯುವಿಕೆ: ಇವುಗಳಿಂದ ದಂಡೆ ಕುಸಿದು ಹೂಳು ನೇರವಾಗಿ ಕೆರೆಯನ್ನು ಸೇರುತ್ತದೆ.

ಹೂಳಿನೊಂದಿಗೆ ಬರುವ ಮಾಲಿನ್ಯ

ರಂಜಕವು ಮಣ್ಣಿನ ಕಣಗಳಿಗೆ ಅಂಟಿಕೊಂಡು ಸಾಗಿದರೆ, ಸಾರಜನಕದ ನೈಟ್ರೇಟ್ ರೂಪವು ನೀರಿನಲ್ಲಿ ಕರಗಿ ಕೆರೆಗೂ ಅಂತರ್ಜಲಕ್ಕೂ ಸೇರುತ್ತದೆ. 50 ಕಿ.ಗ್ರಾಂ. ಡಿಎಪಿ ಚೀಲದಲ್ಲಿ 23 ಕಿ.ಗ್ರಾಂ. ರಂಜಕ (ಪೆಂಟಾಕ್ಸೈಡ್ ರೂಪದಲ್ಲಿ) ಮತ್ತು 9 ಕಿ.ಗ್ರಾಂ. ಸಾರಜನಕವಿರುತ್ತದೆ. ಮಳೆಗೆ ಮುನ್ನ ಮೇಲೆಯೇ ಎರಚಿದ ಗೊಬ್ಬರದ ಒಂದು ಭಾಗ ಕೆರೆಯ ಪಾಲಾಗುತ್ತದೆ. ಇದರಿಂದ ಪಾಚಿ ಬೆಳೆದು, ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯುತ್ತವೆ. ಕೆಲವು ನೀಲಿ-ಹಸಿರು ಪಾಚಿಗಳು ಜಾನುವಾರುಗಳಿಗೆ ವಿಷಕಾರಿ. ಕೊಳವೆಬಾವಿ ಆಶ್ರಯದ ಈರುಳ್ಳಿ, ಟೊಮೆಟೊ ಮತ್ತು ದಾಳಿಂಬೆ ಬೆಳೆಗಾರರು ಗೊಬ್ಬರ ಹಾಗೂ ಕೀಟನಾಶಕಗಳನ್ನು ಹೆಚ್ಚು ಬಳಸುವುದರಿಂದ ವಿಶೇಷ ಎಚ್ಚರಿಕೆ ವಹಿಸಬೇಕು.

ಶಿಫಾರಸು ಮಾಡಲಾದ ಕ್ರಮಗಳು

• ಮಾಗಿ ಉಳುಮೆಯಿಂದ ಹಿಡಿದು ಬಿತ್ತನೆ, ಎಡೆಕುಂಟೆಯವರೆಗೆ ಎಲ್ಲ ಕೆಲಸವನ್ನೂ ಇಳಿಜಾರಿಗೆ ಅಡ್ಡಲಾಗಿ ಮಾಡಬೇಕು. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ.
• ಶೇಂಗಾದಲ್ಲಿ ತೊಗರಿಯನ್ನು ಅಕ್ಕಡಿ ಸಾಲಾಗಿ ಬಿತ್ತಬೇಕು. ಶೇಂಗಾ ಕಿತ್ತ ನಂತರವೂ ತೊಗರಿಯು ನೆಲವನ್ನು ಹಿಡಿದುಕೊಂಡಿರುತ್ತದೆ.
• ಮುಂಗಾರು ಬಿತ್ತನೆ ತಪ್ಪಿದ ಹೊಲವನ್ನು ಪಾಳು ಬಿಡದೆ ಹುರುಳಿ ಬಿತ್ತಬೇಕು.
• ಸಮಪಾತಳಿ ಬದುಗಳನ್ನು ದುರಸ್ತಿಗೊಳಿಸಿ, ಅವುಗಳ ಮೇಲೆ ಲಾವಂಚ, ಸ್ಟೈಲೋ ಅಥವಾ ಗ್ಲಿರಿಸಿಡಿಯ ಬೆಳೆಸಬೇಕು. ಹೆಚ್ಚುವರಿ ನೀರು ಹೊರಹೋಗಲು ಕಲ್ಲಿನ ಕೋಡಿ ಕಡ್ಡಾಯ. ಕೋಡಿಯಿಲ್ಲದ ಬದು ಒಡೆದರೆ ಕೊರಕಲು ಉಂಟಾಗುತ್ತದೆ.
• ಹಳ್ಳ ಮತ್ತು ಕೆರೆಯ ಅಂಚಿನಲ್ಲಿ ಉಳುಮೆ ಮಾಡದೆ ಹುಲ್ಲಿನ ಪಟ್ಟಿಯನ್ನು ಬಿಡಬೇಕು.
• ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರವನ್ನು ಕೂರಿಗೆಯಿಂದ ಮಣ್ಣಿನೊಳಗೆ ಹಾಕಬೇಕು. ಸಿಂಪರಣಾ ಯಂತ್ರ ಮತ್ತು ಔಷಧದ ಡಬ್ಬಿಗಳನ್ನು ಕೆರೆ-ಹಳ್ಳಗಳಲ್ಲಿ ತೊಳೆಯಬಾರದು.

ಹೂಳಿನ ಮರುಬಳಕೆ

ಕೆರೆಗೋಡು ಮರಳುಮಿಶ್ರಿತ ಕೆಂಪು ಮಣ್ಣಿಗೆ ಉತ್ತಮ. ಒಂದು ಎಕರೆಗೆ 1 ಸೆಂ.ಮೀ. ದಪ್ಪ ಹರಡಲು ಸುಮಾರು 40 ಘನ ಮೀಟರ್ ಗೋಡು ಬೇಕಾಗುತ್ತದೆ. ಸಾಗಿಸುವ ಮೊದಲು ರಸಸಾರ ಮತ್ತು ಲವಣಾಂಶವನ್ನು ಪರೀಕ್ಷಿಸಬೇಕು. ಊರಿನ ಚರಂಡಿ ಸೇರುವ ಭಾಗದ ಹೂಳನ್ನು ತರಕಾರಿ ಬೆಳೆಗೆ ಬಳಸಬಾರದು. ತೆಗೆದ ಹೂಳನ್ನು ಕೆರೆಯ ದಂಡೆಯಲ್ಲಿ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅದು ಮರಳಿ ಕೆರೆಯನ್ನೇ ಸೇರುತ್ತದೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಹೊಲದಲ್ಲಿ ನೀರು ಇಂಗಿದಷ್ಟೂ ಕೆರೆಗೆ ಹರಿದುಬರುವ ನೀರು ಕಡಿಮೆಯಾಗಬಹುದೆಂಬ ಕೆಳಭಾಗದ ರೈತರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಬದು, ಕೃಷಿ ಹೊಂಡ ಮತ್ತು ಚೆಕ್ ಡ್ಯಾಂಗಳ ಸಂಖ್ಯೆ ಹಾಗೂ ಗಾತ್ರವನ್ನು ಇಡೀ ಜಲಾನಯನದ ನೀರಿನ ಲೆಕ್ಕಾಚಾರದ ಮೇಲೆ ನಿರ್ಧರಿಸಬೇಕು. ಮೇಲಿನ ಮತ್ತು ಕೆಳಗಿನ ಊರುಗಳ ರೈತರನ್ನು ಒಂದೇ ಸಭೆಯಲ್ಲಿ ಸೇರಿಸಿ ಯೋಜನೆ ರೂಪಿಸುವುದು ಸೂಕ್ತ. ಕಾಮಗಾರಿಗಳು ಜಲಾನಯನದ ಮೇಲ್ಭಾಗದಿಂದ ಆರಂಭವಾಗಿ ಕೆಳಕ್ಕೆ ಸಾಗಬೇಕು. ಹೂಳೆತ್ತುವುದು ಕೊನೆಯ ಹಂತ. ಮೇಲ್ಭಾಗದ ಹೊಲಗಳನ್ನು ಹಾಗೆಯೇ ಬಿಟ್ಟು ಎತ್ತಿದ ಹೂಳು ಕೆಲವೇ ಮಳೆಗಾಲಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಬದು ನಿರ್ಮಾಣ ಮತ್ತು ಕೃಷಿ ಹೊಂಡಗಳಿಗೆ ಉದ್ಯೋಗ ಖಾತರಿ ಯೋಜನೆಯ ನೆರವಿಗಾಗಿ ಗ್ರಾಮ ಪಂಚಾಯಿತಿಯನ್ನೂ, ತಾಂತ್ರಿಕ ಸಲಹೆಗಾಗಿ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು.