ಬಯಲುನಾಡಿನಿಂದ ಕಡಲಿಗೆ: ಹಡಗಿನ ಪ್ರವಾಸಕ್ಕೆ ಹೊರಡುವ ಮುನ್ನ

ಯಾದಗಿರಿ: ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ಈ ಜಿಲ್ಲೆಯಲ್ಲಿ ನೀರಿನ ಮೇಲಿನ ಪಯಣವೆಂದರೆ ಬಹುಕಾಲ ಹರಿಗೋಲು. ಅದೂ ವಿಹಾರಕ್ಕಲ್ಲ, ಅನಿವಾರ್ಯಕ್ಕೆ. 2013ರಲ್ಲಿ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಡ ಸೇರಿದ್ದು ದೇಶದಾಚೆಗೂ ಸುದ್ದಿಯಾಗಿತ್ತು. ಅಂಥ ಸೀಮೆಯ ಮೊಬೈಲುಗಳಿಗೂ ಈಗ 'ಕ್ರೂಸ್' ಪ್ರವಾಸದ ಜಾಹೀರಾತುಗಳು ಬಂದು ಬೀಳುತ್ತಿವೆ. ಹೆತ್ತವರಿಗೆ ಒಮ್ಮೆ ಸಮುದ್ರ ತೋರಿಸಬೇಕು, ಮದುವೆಯ ವಾರ್ಷಿಕೋತ್ಸವವನ್ನು ಹಡಗಿನಲ್ಲಿ ಆಚರಿಸಬೇಕು ಎಂಬ ಆಸೆಯಿಂದ ವರ್ಷದ ಉಳಿತಾಯವನ್ನೇ ತೆಗೆದಿಡುವ ಕುಟುಂಬಗಳಿಗೆ ಕೆಲವು ಸಂಗತಿಗಳು ಮುಂಚಿತವಾಗಿ ತಿಳಿದಿರುವುದು ಒಳಿತು. ಏಕೆಂದರೆ ಹಡಗಿನ ಪ್ರವಾಸದ ಬಹುಪಾಲು ತೊಂದರೆಗಳು ಹಡಗು ಹತ್ತುವ ಮೊದಲೇ ಹುಟ್ಟಿಕೊಳ್ಳುತ್ತವೆ.

ಯಾವ ಹಡಗು, ಯಾವ ಬಂದರು?

ನಮ್ಮ ಭಾಗದವರಿಗೆ ಅನುಕೂಲವಾದ ಬಂದರು ಮುಂಬಯಿ. ನವಮಂಗಳೂರು ಬಂದರಿಗೂ ವಿದೇಶಿ ವಿಹಾರ ನೌಕೆಗಳು ಬಂದುಹೋಗುತ್ತವೆಯಾದರೂ ಅವುಗಳಲ್ಲಿ ಹೆಚ್ಚಿನವು ಬೇರೆಡೆಯಿಂದ ಪ್ರವಾಸಿಗರನ್ನು ಹೊತ್ತು ತಂದು ಒಂದು ದಿನದ ಮಟ್ಟಿಗೆ ನಿಲ್ಲುವಂಥವು. ಮುಂಬಯಿಯಿಂದ ಕಾರ್ಡೆಲಿಯಾ ಸಂಸ್ಥೆಯು ಐಆರ್‌ಸಿಟಿಸಿ ಸಹಯೋಗದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದೇಶೀಯ ವಿಹಾರ ನೌಕಾಯಾನವನ್ನು ಆರಂಭಿಸಿತು. ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಅದರ ಯಾನಗಳು ನಡೆದಿವೆ. ಅದರ 'ಎಂಪ್ರೆಸ್' ಹಡಗು 1990ರಲ್ಲಿ ಫ್ರಾನ್ಸಿನಲ್ಲಿ ನಿರ್ಮಾಣಗೊಂಡದ್ದು. ಉದ್ದ ಇನ್ನೂರು ಮೀಟರಿಗೂ ಅಧಿಕ. ಊಟದ ಸಭಾಂಗಣ, ಈಜುಕೊಳ, ರಂಗಮಂದಿರ ಎಲ್ಲವೂ ಅದರೊಳಗೇ ಇವೆ. ಹೊಸ ಹಡಗು ಎಂಬ ನಿರೀಕ್ಷೆಯಿಂದ ಹೋದವರಿಗೆ ಮಾತ್ರ ಒಂದಿಷ್ಟು ನಿರಾಸೆಯಾದೀತು.

ಮಾರ್ಗ ಮತ್ತು ದಿನಾಂಕಗಳು ಋತುವಿನಿಂದ ಋತುವಿಗೆ ಬದಲಾಗುತ್ತವೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ಪಶ್ಚಿಮ ಕರಾವಳಿಯ ವಿಹಾರ ಯಾನಕ್ಕೆ ಅಕ್ಟೋಬರ್‌ನಿಂದ ಮೇ ವರೆಗಿನ ಅವಧಿಯೇ ಸೂಕ್ತ. ಅದರಲ್ಲೂ ನವೆಂಬರ್‌ನಿಂದ ಫೆಬ್ರುವರಿವರೆಗೆ ಕಡಲು ಶಾಂತ, ಬಿಸಿಲೂ ಹಿತ. ದಸರಾ, ದೀಪಾವಳಿ ಹಾಗೂ ವರ್ಷಾಂತ್ಯದ ರಜೆಗಳಲ್ಲಿ ದರ ಏರುತ್ತದೆ. ಮಕ್ಕಳ ಶಾಲೆಯ ಅಡಚಣೆ ಇಲ್ಲದವರು ಜನವರಿ ಕೊನೆಯ ವಾರಗಳನ್ನು ಆರಿಸಿಕೊಂಡರೆ ಜೇಬಿಗೂ ಹಗುರ.

ಮೊದಲ ಸಲ ಹೋಗುವವರಿಗೆ ಎರಡು ಅಥವಾ ಮೂರು ರಾತ್ರಿಗಳ ಯಾನ ಸಾಕು ಎಂಬುದು ನಮ್ಮ ಅಭಿಪ್ರಾಯ. ನೀರಿನ ತೂಗಾಟ ತಮಗೆ ಒಗ್ಗುವುದೋ ಇಲ್ಲವೋ ಎಂಬುದು ತಿಳಿಯದೆ ಐದು ರಾತ್ರಿಗಳಿಗೆ ಹಣ ಕಟ್ಟುವುದು ಜಾಣತನವಲ್ಲ.

ಜಾಹೀರಾತಿನ ದರ, ಕೊನೆಗೆ ಕಟ್ಟುವ ದರ

'ಇಷ್ಟರಿಂದ ಆರಂಭ' ಎಂದು ದಪ್ಪಕ್ಷರದಲ್ಲಿ ಅಚ್ಚಾಗುವ ಮೊತ್ತ ಸಾಮಾನ್ಯವಾಗಿ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್‌ನದು. ಅದೂ ಇಬ್ಬರು ಹಂಚಿಕೊಂಡಾಗ ಒಬ್ಬರಿಗೆ ತಗಲುವ ದರ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಸೇವಾ ಶುಲ್ಕ ಹಾಗೂ ಜಿಎಸ್‌ಟಿ ಸೇರುತ್ತವೆ. ಒಬ್ಬರೇ ಹೋಗುವುದಾದರೆ ಎರಡನೆಯ ಹಾಸಿಗೆಯ ಬಾಬ್ತಿನಲ್ಲೂ ಗಣನೀಯ ಭಾಗವನ್ನು ಕಟ್ಟಬೇಕಾಗುತ್ತದೆ. ಆದ್ದರಿಂದ ಏಜೆಂಟರ ಬಳಿ 'ನಾಲ್ವರಿಗೆ ಎಲ್ಲ ಸೇರಿ ಎಷ್ಟು?' ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ರದ್ದತಿಯ ನಿಯಮವನ್ನೂ ಆಗಲೇ ಓದಿಕೊಳ್ಳಬೇಕು. ಯಾನದ ದಿನ ಹತ್ತಿರವಾದಂತೆ ಮರುಪಾವತಿಯ ಮೊತ್ತ ಇಳಿಯುತ್ತಾ ಹೋಗಿ, ಕೊನೆಯ ದಿನಗಳಲ್ಲಿ ಏನೂ ಸಿಗದಿರುವುದು ಈ ಉದ್ಯಮದಲ್ಲಿ ಸಾಮಾನ್ಯ.

ಸಾಮಾನ್ಯ ಊಟ, ಉಪಾಹಾರ ಟಿಕೆಟ್‌ನಲ್ಲಿ ಸೇರಿರುತ್ತವೆ. ಮದ್ಯ, ಕೆಲವು ವಿಶೇಷ ಭೋಜನಗಳು, ದಡದ ವೀಕ್ಷಣೆ, ಇಂಟರ್‌ನೆಟ್, ಮಸಾಜ್ ಇವೆಲ್ಲ ಪ್ರತ್ಯೇಕ. ಹಡಗಿನೊಳಗೆ ನಗದು ಕೈಬದಲಾಗುವುದು ಕಡಿಮೆ. ಕ್ಯಾಬಿನ್ ಕಾರ್ಡ್ ತೋರಿಸಿದರೆ ಸಾಕು, ಲೆಕ್ಕ ಬೆಳೆಯುತ್ತಿರುತ್ತದೆ. ಪ್ರತಿ ರಾತ್ರಿ ಮಲಗುವ ಮುನ್ನ ಅಂದಿನ ಬಿಲ್ಲನ್ನು ಸ್ವಾಗತ ಕೌಂಟರಿನಲ್ಲಿ ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು. ಕ್ಯಾಸಿನೊ ಇರುವ ಹಡಗಾದರೆ ಹೆಚ್ಚಿನ ಎಚ್ಚರ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಕ್ಯಾಬಿನ್ ಆಯ್ಕೆಯಲ್ಲಿ ಗೊಂದಲ ಬೇಡ. ನಿದ್ರೆಗಷ್ಟೇ ಕೋಣೆಗೆ ಮರಳುವ ಯುವಕರಿಗೆ ಒಳಗಿನ ಕ್ಯಾಬಿನ್ ಸಾಕು. ಮೆಟ್ಟಿಲು ಹತ್ತಿ ಇಳಿಯಲಾಗದ ಹಿರಿಯರಿದ್ದರೆ ಮಾತ್ರ ಕಿಟಕಿ ಅಥವಾ ಬಾಲ್ಕನಿಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕ. ಸಮುದ್ರ ನೋಡಲೆಂದೇ ಬಂದವರು ಅದನ್ನು ಕುಳಿತಲ್ಲಿಂದ ನೋಡಲಿ.

ಹಡಗು ಕಾಯುವುದಿಲ್ಲ

ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ. ಎರಡಕ್ಕೂ ಯಾದಗಿರಿ ನಿಲ್ದಾಣವೇ ಆಸರೆ. ಇಲ್ಲಿಂದ ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ ಮಾರ್ಗವಾಗಿ ಮುಂಬಯಿ ಆರುನೂರು ಕಿ.ಮೀ.ಗೂ ದೂರ. ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತು ಯಾದಗಿರಿಯನ್ನು ಹಾದು, ಅಂದೇ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ತಲುಪುತ್ತದೆ. ಅಲ್ಲಿಂದ ಬಂದರಿನ ಪ್ರಯಾಣಿಕರ ಟರ್ಮಿನಲ್ ಟ್ಯಾಕ್ಸಿಯಲ್ಲಿ ಅಲ್ಪ ದೂರ. 2025ರ ಸೆಪ್ಟೆಂಬರ್ 20ರಂದು ಇಂದಿರಾ ಡಾಕ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಗೊಂಡಿದೆ. ಟಿಕೆಟ್‌ನಲ್ಲಿ ಸೂಚಿಸಿರುವ ಪ್ರವೇಶದ್ವಾರ ಯಾವುದೆಂದು ಓದಿಕೊಂಡೇ ಟ್ಯಾಕ್ಸಿ ಹತ್ತಬೇಕು. ಈ ಕಡೆಯ ಕೆಲವು ರೈಲುಗಳು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿಯೇ ಕೊನೆಗೊಳ್ಳುತ್ತವೆ. ಅಲ್ಲಿಂದ ಬಂದರು ಸಾಕಷ್ಟು ದೂರ.

ಪ್ರವಾಸದ ಯೋಜನೆಯಲ್ಲಿ ಅತಿ ಮುಖ್ಯವಾದ ಸಲಹೆ ಇದು: ಹಡಗು ಹೊರಡುವ ದಿನವೇ ಮುಂಬಯಿ ತಲುಪುವಂತೆ ರೈಲು ಆರಿಸಬೇಡಿ. ಹಿಂದಿನ ದಿನವೇ ತಲುಪಿ ಅಲ್ಲಿ ತಂಗಬೇಕು. ರೈಲು ನಾಲ್ಕು ತಾಸು ತಡವಾದರೆ ಮದುವೆಯ ಅಕ್ಷತೆ ತಪ್ಪೀತು, ಊಟವಾದರೂ ಸಿಕ್ಕೀತು. ಹಡಗಿನ ವಿಷಯದಲ್ಲಿ ಹಾಗಿಲ್ಲ. ತಪಾಸಣೆಯ ಕೌಂಟರ್ ಯಾನಕ್ಕಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ, ಕಟ್ಟಿದ ಹಣವೂ ಮರಳುವುದಿಲ್ಲ. ಮುಂಬಯಿಯ ಒಂದು ರಾತ್ರಿಯ ವಸತಿ ವೆಚ್ಚವನ್ನು ಈ ನಷ್ಟದ ಎದುರು ಇಟ್ಟು ನೋಡಿದರೆ ಲೆಕ್ಕ ತಾನಾಗಿಯೇ ಸ್ಪಷ್ಟವಾಗುತ್ತದೆ.

ಹಡಗಿನ ಟಿಕೆಟ್ ಹಲವು ತಿಂಗಳ ಮೊದಲೇ ಸಿಗುತ್ತದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಮಾತ್ರ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. ಹಡಗಿನ ಟಿಕೆಟ್ ಕೈಗೆ ಬಂದ ದಿನವೇ ಆ ಅರವತ್ತನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು. ಟಿಕೆಟ್‌ನಲ್ಲಿರುವ ಹೆಸರು ಆಧಾರ್ ಅಥವಾ ಇತರ ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ನಮ್ಮ ಕಡೆ ತಂದೆಯ ಹೆಸರು, ಮನೆತನದ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿರುವುದು ಹೊಸತೇನಲ್ಲ. ಗರ್ಭಿಣಿಯರಿಗೂ ಆರು ತಿಂಗಳೊಳಗಿನ ಶಿಶುಗಳಿಗೂ ಹಡಗು ಕಂಪನಿಗಳು ನಿರ್ಬಂಧ ವಿಧಿಸುವುದರಿಂದ ಬುಕಿಂಗ್ ಮುನ್ನವೇ ವಿಚಾರಿಸಬೇಕು. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಅನುಮತಿ ಅಗತ್ಯ. ಅದನ್ನು ಮಾಡಿಸಿಕೊಡುವವರು ಯಾರು ಎಂಬುದು ಮೊದಲೇ ಖಚಿತವಾಗಲಿ.

ಹೊಟ್ಟೆ, ಔಷಧ, ಬುತ್ತಿ

ಹಿಂದಿನ ದಿನವೇ ಮುಂಬಯಿ ಸೇರುವುದರಿಂದ ಇನ್ನೊಂದು ಲಾಭವಿದೆ. ಮರುದಿನ ಸಂಜೆಯ ಯಾನವಾದರೆ ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾ ಬಳಿ ಬಂದರಿನೊಳಗೆ ಸುತ್ತು ಹಾಕಿಸುವ ದೋಣಿ ಹತ್ತಿ, ತಮ್ಮ ಹೊಟ್ಟೆಯ ಸ್ವಭಾವವನ್ನು ಪರೀಕ್ಷಿಸಿಕೊಳ್ಳಬಹುದು. ಎಲಿಫೆಂಟಾ ದ್ವೀಪಕ್ಕೆ ಹೋಗಲು ಒಂದು ತಾಸು, ಮರಳಲು ಒಂದು ತಾಸು ಬೇಕು, ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಆದ್ದರಿಂದ ಅದು ಇನ್ನೂ ಒಂದು ದಿನ ಬಿಡುವಿದ್ದವರಿಗೆ ಮಾತ್ರ. ಯಾವ ದೋಣಿಯಾದರೂ ಜೀವರಕ್ಷಕ ಜಾಕೆಟ್ ಕೇಳಿ ಪಡೆದು ತೊಡಬೇಕು. 2024ರ ಡಿಸೆಂಬರ್ 18ರಂದು ಎಲಿಫೆಂಟಾ ಕಡೆಗೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದ ದೋಣಿ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟ ದುರಂತ ಮರೆಯುವಂಥದ್ದಲ್ಲ.

ಸಮುದ್ರದ ವಾಕರಿಕೆ ಬಂದ ನಂತರ ಗುಳಿಗೆ ನುಂಗಿದರೆ ಪ್ರಯೋಜನ ಅಲ್ಪ. ಹಡಗು ಹೊರಡುವ ಮೊದಲೇ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು. ಬಸ್ ಪ್ರಯಾಣಕ್ಕೆ ನಮ್ಮವರು ಬಳಸುವ ಅವೊಮಿನ್ ಮಾದರಿಯ ಗುಳಿಗೆಗಳು ನಿದ್ರೆ ತರುತ್ತವೆ. ಇತರ ಔಷಧ ಸೇವಿಸುತ್ತಿರುವ ಹಿರಿಯರು ಕೇಳದೆ ನುಂಗಬಾರದು. ಕೆಳಗಿನ ಅಂತಸ್ತಿನ, ಹಡಗಿನ ನಡುಭಾಗದ ಕ್ಯಾಬಿನ್‌ಗಳಲ್ಲಿ ತೂಗಾಟ ಕಡಿಮೆ. ತಲೆ ಸುತ್ತಿದಾಗ ಮೊಬೈಲ್ ಬದಿಗಿಟ್ಟು, ಮೇಲಿನ ಡೆಕ್‌ಗೆ ಹೋಗಿ ದಿಗಂತವನ್ನು ದಿಟ್ಟಿಸುವುದು ಹಳೆಯ, ಫಲಕಾರಿ ಉಪಾಯ. ಖಾಲಿ ಹೊಟ್ಟೆಯೂ ಬೇಡ, ಬಫೆ ಕಂಡು ತುಂಬಿಸಿಕೊಂಡ ಹೊಟ್ಟೆಯೂ ಬೇಡ.

ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚುವರಿಯಾಗಿ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲಿ ಸಿಬ್ಬಂದಿಗೆ ಒಪ್ಪಿಸಬೇಕಾಗುತ್ತದೆ, ಅವು ಕ್ಯಾಬಿನ್ ತಲುಪಲು ಕೆಲವು ತಾಸು ಹಿಡಿಯಬಹುದು. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅವರ ಶುಲ್ಕ ಟಿಕೆಟ್‌ನಲ್ಲಿ ಸೇರಿರುವುದಿಲ್ಲ. ಹಿರಿಯರೊಡನೆ ಹೋಗುವವರು ಪ್ರವಾಸ ವಿಮೆ ಮಾಡಿಸುವುದು ಲೇಸು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ರೈಲಿಗೆ ಸರಿ. ಹಡಗಿನೊಳಗೆ ಮನೆಯ ಅಡುಗೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಸಸ್ಯಾಹಾರಕ್ಕೆ ಕೊರತೆಯಾಗದು, ಜೈನ ಪದ್ಧತಿಯ ಊಟವೂ ದೊರೆಯುತ್ತದೆ. ಜೋಳದ ರೊಟ್ಟಿಯ ನಿರೀಕ್ಷೆ ಮಾತ್ರ ಬೇಡ. ಹವಾನಿಯಂತ್ರಣದ ಚಳಿಗೆ ಒಂದು ಶಾಲು, ಒದ್ದೆ ಡೆಕ್‌ನಲ್ಲಿ ಜಾರದ ಪಾದರಕ್ಷೆ, ಈಜುಕೊಳಕ್ಕೆ ಈಜುಡುಗೆ ಇರಲಿ.

ಹಡಗು ಹತ್ತಿದ ಮೇಲೆ

ಮೊದಲು ನಡೆಯುವುದು ಸುರಕ್ಷತಾ ತಾಲೀಮು. ಅದನ್ನು ತಪ್ಪಿಸಿಕೊಳ್ಳುವವರೂ ಉಂಟು. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕೋರ್ಡಿಯಾ' ಬಂಡೆಗೆ ಬಡಿದು 32 ಮಂದಿ ಅಸುನೀಗಿದಾಗ, ಅಂದೇ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತಾಲೀಮು ಇನ್ನೂ ನಡೆದಿರಲಿಲ್ಲ. ಆ ಬಳಿಕ ಅಂತರರಾಷ್ಟ್ರೀಯ ನಿಯಮ ಬಿಗಿಗೊಂಡಿತು. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯ. ತಮ್ಮ ಗುಂಪು ಸೇರಬೇಕಾದ ಸ್ಥಳ ಯಾವುದು, ಕ್ಯಾಬಿನ್‌ನಿಂದ ಅಲ್ಲಿಗೆ ಯಾವ ಮೆಟ್ಟಿಲು ಎಂಬುದನ್ನು ಮಕ್ಕಳಿಗೂ ತೋರಿಸಿಡಬೇಕು.

ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಮೊಬೈಲ್ ಸಂಕೇತ ಇಲ್ಲವಾಗುತ್ತದೆ. ಹಡಗಿನ ಉಪಗ್ರಹ ಜಾಲಕ್ಕೆ ಫೋನ್ ತಾನಾಗಿ ಸೇರಿಕೊಂಡರೆ ಬಿಲ್ ದುಬಾರಿಯಾದೀತು, ಆದ್ದರಿಂದ ಏರೋಪ್ಲೇನ್ ಮೋಡ್ ಲೇಸು. ಊರಿನಲ್ಲಿರುವವರಿಗೆ 'ಎರಡು ದಿನ ಫೋನ್ ಸಿಗದು' ಎಂದು ಮೊದಲೇ ತಿಳಿಸದಿದ್ದರೆ ಅಲ್ಲಿ ಆತಂಕ ಶುರುವಾಗುತ್ತದೆ.

ಲಕ್ಷದ್ವೀಪದಲ್ಲಿ ದೊಡ್ಡ ಹಡಗುಗಳು ದಡಕ್ಕೆ ಹತ್ತಲಾರವು. ಕಡಲಲ್ಲೇ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಅಲೆ ಜೋರಾಗಿದ್ದರೆ ಇಳಿಯುವ ಕಾರ್ಯಕ್ರಮವೇ ರದ್ದಾಗಬಹುದು. ಹೀಗೆ ಮಾರ್ಗ ಬದಲಿಸುವ ಅಧಿಕಾರ ಕ್ಯಾಪ್ಟನ್‌ಗೆ ಇರುತ್ತದೆಂದು ಟಿಕೆಟ್‌ನ ಷರತ್ತುಗಳಲ್ಲಿಯೇ ನಮೂದಾಗಿರುತ್ತದೆ. ದ್ವೀಪ ನೋಡುವುದಷ್ಟೇ ಗುರಿಯಾಗಿದ್ದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಬೇಕು. ಗೋವಾದಂಥ ಬಂದರಿನಲ್ಲಿ ಇಳಿದು ಸುತ್ತಾಡಲು ಹೋದರೆ, ಹಡಗಿಗೆ ಮರಳಬೇಕಾದ ಸಮಯವನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ಒಳಿತು.

ಮರಳಿ ಬರುವ ದಿನ ಮುಂಬಯಿಯಲ್ಲಿ ಸಾಮಾನು ಕೈಸೇರಿ ಹೊರಬರುವಷ್ಟರಲ್ಲಿ ಮಧ್ಯಾಹ್ನವಾಗುವುದೂ ಉಂಟು. ಬೆಳಗಿನ ರೈಲಿಗೆ ಟಿಕೆಟ್ ಕಾಯ್ದಿರಿಸಬೇಡಿ. ಸಂಜೆಯ ಬಳಿಕ ಹೊರಡುವ ರೈಲು ಸಿಕ್ಕರೆ ಮರುದಿನ ಯಾದಗಿರಿಯಲ್ಲಿ ಇಳಿದು, ಹಗಲಿನ ಬಸ್ಸಿನಲ್ಲೇ ಶಹಾಪುರ ಅಥವಾ ಸುರಪುರ ಸೇರಬಹುದು.