ಕ್ಲೌಡ್‌ನಲ್ಲಿದೆ ಅಂದ್ರೆ ಬ್ಯಾಕಪ್ ಇದೆ ಅಂತ ಅಲ್ಲ: ಅಂಗಡಿ ಲೆಕ್ಕ, ಮೊಬೈಲ್ ಡೇಟಾ ಉಳಿಸಿಕೊಳ್ಳೋದು ಹೇಗೆ?

ಅಂಗಡಿಯ ಕಂಪ್ಯೂಟರ್ ಕೆಟ್ಟರೆ ಹೊಸದು ತರಬಹುದು. ಮೊಬೈಲ್ ನೀರಿಗೆ ಬಿದ್ದರೆ ಇನ್ನೊಂದು ಕೊಳ್ಳಬಹುದು. ಆದರೆ ಅದರೊಳಗಿದ್ದ ಉದ್ರಿ ಲೆಕ್ಕ, ಬಿಲ್ಲುಗಳು, ಗ್ರಾಹಕರ ನಂಬರುಗಳು ಹೋದರೆ ಎಲ್ಲಿಂದ ತರೋದು? ಜಿಎಸ್‌ಟಿ ನೋಂದಣಿ ಇರುವವರಿಗೆ ಇದು ಕಾನೂನಿನ ವಿಷಯ ಕೂಡ. ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ ಲೆಕ್ಕ ಹಾಕಿ 72 ತಿಂಗಳು, ಅಂದರೆ 6 ವರ್ಷ, ಲೆಕ್ಕಪತ್ರಗಳನ್ನು ಇಟ್ಟುಕೊಂಡಿರಬೇಕು. ನೋಟಿಸ್ ಬಂದ ದಿನ "ಹಾರ್ಡ್ ಡಿಸ್ಕ್ ಕೆಟ್ಟೋಯ್ತು ಸಾರ್" ಅಂದರೆ ನಡೆಯಲ್ಲ.

ಈ ಮಾತು ತೆಗೆದರೆ ಹಲವರ ಉತ್ತರ ಒಂದೇ: "ಎಲ್ಲಾ ಗೂಗಲ್‌ನಲ್ಲಿದೆ ಬಿಡಿ, ಏನೂ ಆಗಲ್ಲ." ಸರ್ವರ್, ಕ್ಲೌಡ್ ನೋಡಿಕೊಳ್ಳುವ ಕೆಲಸದಲ್ಲಿ ಇರುವವರು ಮೊದಲು ಕಲಿಯುವ ಪಾಠವೇ ಇದಕ್ಕೆ ಉಲ್ಟಾ. ಸಿಂಕ್ ಬೇರೆ, ಬ್ಯಾಕಪ್ ಬೇರೆ.

ಸಿಂಕ್ ಅಂದ್ರೆ ಕನ್ನಡಿ ಇದ್ದಂತೆ

ನಿಮ್ಮ ಕಂಪ್ಯೂಟರಿನಲ್ಲಿ ಏನಾಗುತ್ತದೋ ಅದೇ ಕ್ಲೌಡ್‌ನಲ್ಲೂ ಆಗುವುದು ಸಿಂಕ್. ಇಲ್ಲಿ ಫೈಲ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಫೋಟೋ ಡಿಲೀಟ್ ಮಾಡಿದರೆ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಸಿಗುವುದಿಲ್ಲ. ಗೂಗಲ್ ಡ್ರೈವ್‌ನಲ್ಲಾದರೆ 30 ದಿನ ಮಾತ್ರ. ಫೋನಿನಲ್ಲಿ ಜಾಗ ಬೇಕಿದ್ದರೆ ಫೋಟೋಸ್ ಆಪ್‌ನಲ್ಲೇ 'ಫ್ರೀ ಅಪ್ ಸ್ಪೇಸ್' ಅಂತ ಇದೆ, ಅದನ್ನು ಒತ್ತಿ. ಅದು ಫೋನಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ. ಒಂದೊಂದೇ ಆರಿಸಿ ಡಿಲೀಟ್ ಮಾಡುವುದು ಬೇರೆಯೇ ಕೆಲಸ.

ರ‍್ಯಾನ್ಸಮ್‌ವೇರ್ ಬಂದು ಫೈಲ್‌ಗಳಿಗೆ ಬೀಗ ಹಾಕಿತು ಅಂದುಕೊಳ್ಳಿ. ಸಿಂಕ್ ಆನ್ ಇದ್ದರೆ ಬೀಗ ಬಿದ್ದ ಫೈಲೇ ಕ್ಲೌಡ್‌ಗೂ ಹೋಗಿ ಕೂರುತ್ತದೆ. ಡ್ರೈವ್ ಹಳೆಯ ಆವೃತ್ತಿಗಳನ್ನು 30 ದಿನ ಇಟ್ಟಿರುತ್ತದೆ ಅನ್ನೋದು ಸಮಾಧಾನ. ಆದರೆ ಸಾವಿರಾರು ಫೈಲ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ತರುವುದು ಯಾರಿಗೂ ಬೇಡ.

ಕ್ಲೌಡ್ ಅನ್ನೋದು ಆಕಾಶದಲ್ಲಿಲ್ಲ, ಯಾರದ್ದೋ ಕಟ್ಟಡದಲ್ಲಿದೆ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅಲ್ಲೇ ಇತ್ತು, ಎರಡೂ ಹೋದವು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ವ್ಯವಸ್ಥೆ ಗೂಗಲ್ ಕಡೆಯ ಸೆಟ್ಟಿಂಗ್ ತಪ್ಪಿನಿಂದ ಅಳಿಸಿಹೋಯಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ಖಾತೆ ನೋಡಲು ಆಗಲಿಲ್ಲ. ಬೇರೆ ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದು ಅವರ ಕೈ ಹಿಡಿಯಿತು.

15 ಜಿಬಿ ತುಂಬಿದರೆ ಮೇಲ್ ಬರಲ್ಲ

ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ ಅಷ್ಟೇ. 2021ರ ಜೂನ್ 1ರಿಂದ ಫೋಟೋಗಳೂ ಇದರ ಲೆಕ್ಕಕ್ಕೆ ಬರುತ್ತವೆ, 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್ಆಪ್ ಬ್ಯಾಕಪ್ ಕೂಡ. ಗುಡ್ ಮಾರ್ನಿಂಗ್ ವಿಡಿಯೋಗಳೇ ಅರ್ಧ ಜಾಗ ತಿಂದಿರುತ್ತವೆ! ಜಾಗ ಪೂರ್ತಿ ತುಂಬಿದರೆ ಜಿಮೇಲ್‌ಗೆ ಹೊಸ ಮೇಲ್ ಬರುವುದು ನಿಲ್ಲುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಸೂಚನೆ ಯಾವುದೂ ಬರಲ್ಲ. ವಾಟ್ಸ್ಆಪ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೋ ಸೇರಿಸುವ ಆಯ್ಕೆ ಆಫ್ ಮಾಡಿ, ಬಹಳಷ್ಟು ಜಾಗ ಉಳಿಯುತ್ತದೆ. ಐಫೋನ್ ಇರುವವರಿಗೆ ಐಕ್ಲೌಡ್‌ನಲ್ಲಿ ಉಚಿತ ಇರೋದು 5 ಜಿಬಿ ಮಾತ್ರ.

ಅಂಗಡಿಗೆ ಏನು ಮಾಡಬೇಕು?

ಐಟಿಯವರ ಹಳೆಯ ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಂಗಡಿಗೆ ಇದು ಕಷ್ಟವೇನಲ್ಲ. ಕಂಪ್ಯೂಟರಿನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು. ಬ್ಯಾಕಪ್ ಮುಗಿದ ತಕ್ಷಣ ಡಿಸ್ಕ್ ಕಿತ್ತು ಮನೆಗೆ ಒಯ್ಯಿರಿ. ಸದಾ ಚುಚ್ಚಿಟ್ಟ ಡಿಸ್ಕ್‌ಗೆ ವೈರಸ್ಸೂ ಬರುತ್ತದೆ, ಸಿಡಿಲು ಬಡಿದರೆ ಕಂಪ್ಯೂಟರ್ ಜೊತೆಗೇ ಅದೂ ಹೋಗುತ್ತದೆ. ಪೆನ್ ಡ್ರೈವ್ ಆಡಿಟರ್ ಹತ್ತಿರ ಫೈಲ್ ಒಯ್ಯಲು ಸರಿ, ವರ್ಷಗಟ್ಟಲೆ ಇಡಲು ಅಲ್ಲ.

ಟ್ಯಾಲಿ ಪ್ರೈಮ್ ಬಳಸುವವರು ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲೇ ಬ್ಯಾಕಪ್ ಇದೆ. ಪ್ರತಿ ಸಲ ಆ ದಿನದ ತಾರೀಖಿನ ಹೆಸರಿಟ್ಟು ಹೊಸ ಫೋಲ್ಡರ್ ಮಾಡಿ, ಹಳೆಯದರ ಮೇಲೆ ಬರೆಯಬೇಡಿ. ದಿನವೂ ಎಂಟ್ರಿ ಮಾಡುವ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್‌ನ ಸಿಂಕ್ ಫೋಲ್ಡರಿನೊಳಗೆ ಇಡುವ ಜಾಣತನ ಕೆಲವರದ್ದು. ಅದು ಬೇಡವೇ ಬೇಡ. ಟ್ಯಾಲಿ ಬರೆಯುತ್ತಿರುವಾಗಲೇ ಡ್ರೈವ್ ಅದೇ ಫೈಲನ್ನು ನಕಲು ಮಾಡಲು ಹೋಗಿ ಡೇಟಾ ಕೆಡಬಹುದು. ಬ್ಯಾಕಪ್ ಫೈಲನ್ನು ಮಾತ್ರ ಮೇಲಕ್ಕೆ ಕಳಿಸಿ.

ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಬೇಕು, ಆದರೆ ಬೇರೆ ಫೋಲ್ಡರಿಗೆ. ಇರುವ ಕಂಪನಿಯ ಮೇಲೆಯೇ ರಿಸ್ಟೋರ್ ಮಾಡಿದರೆ ಇವತ್ತಿನ ಲೆಕ್ಕ ಅಳಿದು ಹಳೆಯದು ಕೂರುತ್ತದೆ. ಹೇಗೂ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವವರಿದ್ದೀರಿ, ಅದೇ ದಿನ ಇದನ್ನೂ ಮಾಡಿದರೆ ಮರೆಯಲ್ಲ.

ಮೊದಲ ಸಲ ಕ್ಲೌಡ್‌ಗೆ ಹಾಕುವಾಗ ತಾಳ್ಮೆ ಬೇಕು. ಇಂಟರ್‌ನೆಟ್ ಕಂಪನಿಯವರು ಹೇಳುವ ವೇಗ ಸಾಮಾನ್ಯವಾಗಿ ಡೌನ್‌ಲೋಡ್‌ದು. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ 50 ಜಿಬಿ ಹೋಗಲು 11 ಗಂಟೆ ಬೇಕು. ಅಂಗಡಿ ಮುಚ್ಚುವಾಗ ಶುರು ಮಾಡಿ ಬನ್ನಿ. ಕರೆಂಟು ಹೋಗಿ ಬಂದು ಮಾಡುವ ಕಡೆ ಕಂಪ್ಯೂಟರಿಗೆ ಯುಪಿಎಸ್ ಇರಲೇಬೇಕು. ಮನೆ ಇನ್ವರ್ಟರ್ ಆದರೆ ಅದರಲ್ಲಿ ಯುಪಿಎಸ್ ಮೋಡ್ ಇದೆಯಾ ನೋಡಿ.

ಖಾತೆ ಯಾರ ಹೆಸರಲ್ಲಿದೆ?

ನಮ್ಮ ಕಡೆ ಹೆಚ್ಚು ಪೇಚಾಟ ಆಗೋದು ಇಲ್ಲೇ. ಜಿಮೇಲ್ ಖಾತೆ ತೆರೆದುಕೊಟ್ಟಿದ್ದು ಮೊಬೈಲ್ ಅಂಗಡಿಯ ಹುಡುಗ, ಪಾಸ್‌ವರ್ಡ್ ಅಕೌಂಟೆಂಟ್‌ಗೆ ಗೊತ್ತು, ರಿಕವರಿ ನಂಬರ್ ಎಂದೋ ಬಿಟ್ಟ ಸಿಮ್. ಬಳಕೆ ನಿಂತ ನಂಬರನ್ನು ಕಂಪನಿ ಮುಂದೆ ಬೇರೆಯವರಿಗೆ ಕೊಡುತ್ತದೆ, ನಿಮ್ಮ ಖಾತೆಯ ಕೋಡ್ ಅವರ ಫೋನಿಗೆ ಹೋಗುತ್ತದೆ. ಇವತ್ತೇ ಗೂಗಲ್ ಖಾತೆಯ ಸೆಕ್ಯುರಿಟಿ ಭಾಗ ತೆರೆದು ನಿಮ್ಮದೇ ನಂಬರ್ ಹಾಕಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ಅಲ್ಲಿ 8 ಅಂಕಿಯ 10 ಬ್ಯಾಕಪ್ ಕೋಡ್ ಸಿಗುತ್ತವೆ. ಅವನ್ನು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಬೀರುವಿನಲ್ಲಿಡಿ, ಫೋನಿನಲ್ಲಿ ಫೋಟೋ ಹೊಡೆದು ಇಡಬೇಡಿ. ಫೋನೇ ಕಳೆದಾಗ ತಾನೇ ಅವು ಬೇಕಾಗೋದು?

ವಾಟ್ಸ್ಆಪ್ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನೂ ಅಲ್ಲೇ ಬರೆದಿಡಿ, ಮರೆತರೆ ವಾಟ್ಸ್ಆಪ್‌ನವರೂ ತೆರೆದುಕೊಡಲಾರರು. 2 ವರ್ಷ ಬಳಸದ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು. ಮಕ್ಕಳ ಹಳೆಯ ಫೋಟೋ ಇರುವ ಖಾತೆ ಯಾವುದಾದರೂ ಮೂಲೆಯಲ್ಲಿದ್ದರೆ ಒಮ್ಮೆ ಲಾಗಿನ್ ಆಗಿ ಬನ್ನಿ.

ಬೀರು ತೆರೆದಾಗಲೇ ಇನ್ನೊಂದು ಕೆಲಸ. ಫೋನಿನಲ್ಲಿ *#06# ಒತ್ತಿದರೆ ಬರುವ ಐಎಂಇಐ ನಂಬರನ್ನು ಅದೇ ಕಾಗದದ ಮೇಲೆ ಬರೆಯಿರಿ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಲು ಆ ನಂಬರ್ ಬೇಕು. ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.